ದೂರು ಬರೆದುಕೊಟ್ಟ ಸಂಜೆ

ಮಗ್ರಿಬ್ ಕಳೆದು ಸ್ವಲ್ಪ ಹೊತ್ತಾಗಿತ್ತು. ಟ್ಯೂಷನ್ ಮಕ್ಕಳನ್ನು ಕಳಿಸಿ ನಾನು ಅಡುಗೆಮನೆಗೆ ಹೋಗುವಷ್ಟರಲ್ಲಿ ಅಂಗಳದಲ್ಲಿ ಎರಡು ಬೈಕುಗಳು ಬಂದು ನಿಂತವು. ನಾಲ್ವರಿದ್ದರು. ಮೂವರ ಪರಿಚಯವಿತ್ತು. ನಾಲ್ಕನೆಯವರನ್ನು ಎಲ್ಲೋ ನೋಡಿದ ಹಾಗಿತ್ತು, ತಕ್ಷಣ ನೆನಪಾಗಲಿಲ್ಲ.

"ಟೀಚರ್, ಒಂದು ಕಂಪ್ಲೇಂಟ್ ಬರೆದು ಕೊಡ್ಬೇಕು. ನಿಮ್ಮ ಕನ್ನಡ ಒಳ್ಳೇದುಂಟು. ನಾವು ಬರೆದ್ರೆ ಸ್ಟೇಷನ್‌ನಲ್ಲಿ ಓದುದೇ ಇಲ್ಲ" ಎಂದರು ಹಿರಿಯರು.

ಹಿಂದಿನ ರಾತ್ರಿ ಹತ್ತಿರದ ಮೈದಾನವೊಂದರಲ್ಲಿ ಸಭೆ ನಡೆದಿತ್ತು. ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ದಾರಿಯಲ್ಲಿ ಅಂಥ ಮೈದಾನಗಳು ಬೇಕಾದಷ್ಟಿವೆ, ಯಾವುದೆಂದು ಇಲ್ಲಿ ಹೇಳುವ ಅಗತ್ಯವಿಲ್ಲ. ಭಾಷಣ ಮಾಡಿದವರ ಹೆಸರೂ ಬೇಡ. ಮೊಬೈಲಿನಲ್ಲಿ ಹದಿನೆಂಟು ನಿಮಿಷಗಳ ವೀಡಿಯೊ ಇತ್ತು. ಪೂರ್ತಿ ಕೇಳಿದೆ. ಅದರಲ್ಲಿ ಹದಿನೈದು ನಿಮಿಷ ನಾನು ಇಪ್ಪತ್ತು ವರ್ಷಗಳಿಂದ ಕೇಳುತ್ತಾ ಬಂದದ್ದೇ. ಯಾವ ಸುಲ್ತಾನ ಎಷ್ಟು ದೇವಸ್ಥಾನ ಕೆಡವಿದ, ನಮಗೆ ಎಷ್ಟು ಮಕ್ಕಳು, ನಮ್ಮ ಹೆಂಗಸರು ಏಕೆ ಮುಖ ಮುಚ್ಚುತ್ತಾರೆ. ಕೊನೆಯ ಮೂರು ನಿಮಿಷ ಮಾತ್ರ ಬೇರೆ ಥರ. ಜಂಕ್ಷನ್ನಿನ ಹೆಸರು ಹೇಳಿ ಅಲ್ಲಿನ ಮೂರು ಅಂಗಡಿಗಳನ್ನು ಗುರುತು ಮಾಡಲಾಗಿತ್ತು. ಶನಿವಾರದ ಸಂತೆಗೆ ಬರುವ ಬಳೆ ವ್ಯಾಪಾರಿಯೊಬ್ಬನಿಂದ ಯಾರೂ ಏನೂ ಕೊಳ್ಳಬಾರದು, ಮುಂದಿನ ವಾರವೂ ಅವನು ಬಂದರೆ "ನಮ್ಮ ಹುಡುಗರು ನೋಡಿಕೊಳ್ಳುತ್ತಾರೆ" ಎಂದು ಮೈಕಿನಲ್ಲಿ ಹೇಳಲಾಗಿತ್ತು. ಆ ವ್ಯಾಪಾರಿ ನಮ್ಮ ಬಳೆ ಕಾಕ. ವಯಸ್ಸು ಎಪ್ಪತ್ತು ದಾಟಿದೆ. ಊರಿನ ಎಷ್ಟೋ ಮದುಮಕ್ಕಳ ಕೈಗೆ ಬಳೆ ಇಟ್ಟವರು. ಅವರಲ್ಲಿ ಹೆಚ್ಚಿನವರು ನಮ್ಮವರಲ್ಲ.

ನಾನು ಬಿಳಿ ಹಾಳೆ ತೆಗೆದುಕೊಂಡು ಕುಳಿತೆ. "ಇವರಿಗೆ, ಪೊಲೀಸ್ ಉಪನಿರೀಕ್ಷಕರು" ಎಂದು ಬರೆದೆ. ಆಮೇಲೆ ಕೈ ತಾನಾಗಿಯೇ ಬರೆಯತೊಡಗಿತು: "ಸದರಿ ಭಾಷಣದಿಂದ ನಮ್ಮ ಸಮುದಾಯದ ಧಾರ್ಮಿಕ ಭಾವನೆಗಳಿಗೆ ತೀವ್ರ ಘಾಸಿಯಾಗಿದ್ದು..." ಅಲ್ಲಿಗೆ ಪೆನ್ನು ನಿಂತುಬಿಟ್ಟಿತು. ಈ ವಾಕ್ಯವನ್ನು ನಾನು ಹಿಂದೆಯೂ ಓದಿದ್ದೆ. ಆಗ ಅದು ನನ್ನ ಮೇಲೆಯೇ ಬರೆದದ್ದಾಗಿತ್ತು.

2008ರಲ್ಲಿ ವಿಶೇಷಾಂಕವೊಂದರಲ್ಲಿ ನನ್ನದೊಂದು ಕತೆ ಬಂದಿತ್ತು. ಗಂಡ ಗಲ್ಫಿನಿಂದ ಫೋನಿನಲ್ಲಿ ತಲಾಖ್ ಹೇಳುತ್ತಾನೆ. ಹೆಂಡತಿ ಮರುದಿನವೂ ಎಂದಿನಂತೆ ಅತ್ತೆಗೆ ಗಂಜಿ ಬೇಯಿಸಿ ಕೊಡುತ್ತಾಳೆ, ಏಕೆಂದರೆ ಮುದುಕಿಗೆ ಕಿವಿ ಕೇಳುವುದಿಲ್ಲ, ಹೇಳುವವರೂ ಯಾರಿಲ್ಲ. ಕತೆ ಇಷ್ಟೇ. ಅದು ಶರೀಅತ್ತಿನ ಅವಹೇಳನ ಎಂದು ನಮ್ಮ ಕಡೆಯ ಕೆಲವರು ದೂರು ಕೊಟ್ಟರು. ನಾನು, ನನ್ನ ಯಜಮಾನರು ಠಾಣೆಯ ಬೆಂಚಿನಲ್ಲಿ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಕುಳಿತಿದ್ದೆವು. ರೈಟರ್ ಒಬ್ಬರು ಮಾತ್ರ ಆ ಕತೆ ಓದಿದ್ದರು. "ಇದ್ರಲ್ಲಿ ಎಂತ ಉಂಟು ಅಂತ ಇವರು ಇಷ್ಟು ಗಲಾಟೆ ಮಾಡ್ತಾರೆ?" ಎಂದು ಮೆಲ್ಲಗೆ ಕೇಳಿದರು. ಅವರೇ ಕೊನೆಗೆ, "ಸುಮ್ಮನೆ ಒಂದು ತಪ್ಪೊಪ್ಪಿಗೆ ಬರೆದುಕೊಡಿ ಅಕ್ಕಾ, ಇಲ್ಲಿಗೇ ಮುಗಿಸುವ" ಎಂದೂ ಹೇಳಿದರು. ಬರೆದುಕೊಟ್ಟೆ. ಸಂಕಲನ ತರುವಾಗ ಆ ಕತೆಯನ್ನು ಬಿಟ್ಟೆ. ಹದಿನೇಳು ವರ್ಷಗಳಾದರೂ ಆ ಸಹಿ ನೆನಪಾದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ನಾಲ್ಕನೆಯವರು ಯಾರೆಂದು ಆಗ ನೆನಪಾಯಿತು. ಅಂದಿನ ದೂರಿನ ಎರಡನೆಯ ಸಹಿ ಇವರದ್ದು. ಗಡ್ಡ ಬೆಳ್ಳಗಾಗಿದೆ.

ಹೀಗಾದದ್ದು ನನಗೊಬ್ಬಳಿಗೇ ಅಲ್ಲ, ಪುತ್ತೂರಿಗೆ ಹೊಸದೂ ಅಲ್ಲ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ, ಆಮೇಲೆ ಪುಸ್ತಕವಾಗಿ ಬಂದ ಕಾಲ. 1985ರಲ್ಲಿ ಪುತ್ತೂರಿನ ಸಾಹಿತ್ಯ ಸಭೆಯೊಂದರಲ್ಲಿ ನಮ್ಮದೇ ಸಮುದಾಯದ ಯುವಕರು ಅವರ ಮೇಲೆ ಹಲ್ಲೆಗೆ ಮುಂದಾದರು. ನನಗಾಗ ಐದಾರು ವರ್ಷ. ಅಬ್ಬಾ ಉರ್ದು ಶಾಲೆಯ ಮಾಸ್ಟ್ರು, ಘಟ್ಟದ ಮೇಲಿನಿಂದ ವರ್ಗವಾಗಿ ಈ ಜಿಲ್ಲೆಗೆ ಬಂದವರು. ಆ ಕಾದಂಬರಿಯನ್ನು ಅವರು ಉರ್ದು ಮಾಸಿಕವೊಂದರ ನಡುವೆ ಅಡಗಿಸಿಟ್ಟು ಓದುತ್ತಿದ್ದುದನ್ನು ಅಮ್ಮಿ ಎಷ್ಟೋ ವರ್ಷಗಳ ಮೇಲೆ ನಗುತ್ತಾ ಹೇಳಿದ್ದರು. ನನಗೆ ನಗು ಬರಲಿಲ್ಲ. ಪುಸ್ತಕ ಸರಿಯಾಗಿಯೇ ಇದೆ ಎಂದು ಗೊತ್ತಿದ್ದ ಒಬ್ಬ ಮಾಸ್ಟ್ರು ಅಂದು ಬಾಯಿ ಬಿಡಲಿಲ್ಲವಲ್ಲ! ಮೂವತ್ತೆಂಟು ವರ್ಷಗಳ ಬಳಿಕ, 2023ರ ಜನವರಿಯಲ್ಲಿ ಸಾರಾ ತೀರಿಕೊಂಡಾಗ ಹೊಗಳಿ ಬರೆದವರಲ್ಲಿ ಅಂದು ಸುಮ್ಮನಿದ್ದವರೂ ಇದ್ದರು.

'ಭಾವನೆಗೆ ಘಾಸಿ' ಎಂಬ ಮಾತು ನಮ್ಮ ಕಾನೂನಿನೊಳಗೆ ಬಂದ ಬಗೆಯನ್ನು ನೋಡಬೇಕು. ಕೋಮುಗಳ ನಡುವೆ ವೈರ ಬಿತ್ತುವುದನ್ನು ಅಪರಾಧವಾಗಿಸಿದ 153ಎ ಕಲಮು 1898ರಲ್ಲೇ ಬಂದಿತ್ತು. 1927ರಲ್ಲಿ, ಪ್ರವಾದಿಯವರನ್ನು ನಿಂದಿಸಿದ ಪುಸ್ತಿಕೆಯೊಂದರ ಪ್ರಕಾಶಕನನ್ನು ಲಾಹೋರ್ ಹೈಕೋರ್ಟ್ ಬಿಡುಗಡೆ ಮಾಡಿದಾಗ ಮುಸ್ಲಿಮರಲ್ಲಿ ಎದ್ದ ಆಕ್ರೋಶವನ್ನು ತಣಿಸಲು ಬ್ರಿಟಿಷ್ ಸರ್ಕಾರ ಅದೇ ವರ್ಷ 295ಎ ತಂದಿತು. ಅಂದರೆ ಅದನ್ನು ಕೇಳಿ ಪಡೆದವರು ನಾವೇ. ಧರ್ಮವನ್ನು ಪ್ರಾಮಾಣಿಕವಾಗಿ ವಿಮರ್ಶಿಸುವವರಿಗೂ ಇತಿಹಾಸ ಬರೆಯುವವರಿಗೂ ಇದರಿಂದ ತೊಂದರೆಯಾಗಬಾರದೆಂದು ಕೇಂದ್ರ ಶಾಸನಸಭೆಯಲ್ಲಿ ಎಚ್ಚರಿಸಿದವರು ಮುಹಮ್ಮದ್ ಅಲಿ ಜಿನ್ನಾ. ಕಾನೂನೇನೋ ಬಂತು. ಆದರೂ 1929ರಲ್ಲಿ ಆ ಪ್ರಕಾಶಕನ ಕೊಲೆಯಾಯಿತು. ಈಗ ಆ ಎರಡು ಕಲಮುಗಳು ಭಾರತೀಯ ನ್ಯಾಯ ಸಂಹಿತೆಯ 196 ಮತ್ತು 299 ಆಗಿವೆ. ಅಂಕಿ ಬದಲಾಗಿದೆ, ಹೂರಣ ಅದೇ.

ಇದರಿಂದ ಪೆಟ್ಟು ತಿಂದವರಲ್ಲಿ ಎಲ್ಲರೂ ಇದ್ದಾರೆ. 'ಢುಂಢಿ' ಕಾದಂಬರಿ ಬರೆದ ಯೋಗೇಶ್ ಮಾಸ್ಟರ್ ಅವರನ್ನು 2013ರ ಆಗಸ್ಟ್‌ನಲ್ಲಿ ಬಂಧಿಸಲಾಯಿತು. 2025ರ ಜನವರಿಯಲ್ಲಿ ಗುಜರಾತಿನ ಜಾಮ್‌ನಗರದ ಪೊಲೀಸರು ಸಂಸದ ಇಮ್ರಾನ್ ಪ್ರತಾಪ್‌ಗಢಿಯವರ ಮೇಲೆ, ವೀಡಿಯೊ ಒಂದಕ್ಕೆ ಹಿನ್ನೆಲೆಯಾಗಿ ಹಾಕಿದ್ದ ಉರ್ದು ಕವಿತೆಗಾಗಿ ಪ್ರಕರಣ ದಾಖಲಿಸಿದರು. ಅನ್ಯಾಯವನ್ನು ಪ್ರೀತಿಯಿಂದ ಎದುರಿಸೋಣ ಎನ್ನುವ ಕವಿತೆ ಅದು. ಉರ್ದು ಶಾಲೆಯಲ್ಲಿ ಓದಿದ ನನಗೆ ಅದರಲ್ಲಿ ಕತ್ತಿಯೂ ಕಾಣಲಿಲ್ಲ, ಬೆಂಕಿಯೂ ಕಾಣಲಿಲ್ಲ. ಸುಪ್ರೀಂ ಕೋರ್ಟ್ 2025ರ ಮಾರ್ಚ್ 28ರಂದು ಆ ಪ್ರಕರಣವನ್ನು ರದ್ದುಪಡಿಸಿತು. ಆಡಿದ ಮಾತಿನ ಪರಿಣಾಮವನ್ನು ಎಲ್ಲದರಲ್ಲೂ ಅಪಾಯ ಕಾಣುವ ಅಂಜುಬುರುಕರ ಕಣ್ಣಿನಿಂದ ಅಳೆಯಬಾರದು, ವಿವೇಕವೂ ಧೈರ್ಯವೂ ಉಳ್ಳವರ ಕಣ್ಣಿನಿಂದ ಅಳೆಯಬೇಕು ಎಂಬುದು ನ್ಯಾಯಾಲಯ ಹೇಳಿದ್ದರ ಸಾರ. ಇಂಥ ಆರೋಪಗಳಲ್ಲಿ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ನಡೆಸಲು ಹೊಸ ಕಾನೂನಿನಲ್ಲಿ ಅವಕಾಶವಿದೆಯೆಂದು ಪೊಲೀಸರಿಗೆ ನೆನಪಿಸಿತು. ಆದರೆ ಕತೆಯೊಂದರ ಹೆಸರನ್ನಷ್ಟೇ ನೋಡಿ ಬೀದಿಗಿಳಿದ ಗುಂಪುಗಳಲ್ಲಿ ನಮ್ಮವರೂ ಇದ್ದರು ಎಂಬುದನ್ನು ಮರೆಯಬಾರದು. 1986ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಮಲಯಾಳಂ ಕತೆಯ ಅನುವಾದ ಬಂದಾಗ ಅದರ ಶೀರ್ಷಿಕೆಯೇ ಸಾಕಾಯಿತು. ಗಲಭೆಯಲ್ಲಿ ಜೀವಗಳು ಹೋದವು.

ನಾನು ಪೆನ್ನು ಕೆಳಗಿಟ್ಟದ್ದನ್ನು ನೋಡಿ ಹಿರಿಯರು, "ಎಂತ ಟೀಚರ್, ಬರೆಯುದಿಲ್ವಾ?" ಎಂದರು. "ಬರೀತೇನೆ. ಆದ್ರೆ ಈ ವಾಕ್ಯ ಬೇಡ" ಎಂದೆ. ನಾಲ್ಕನೆಯವರಿಗೆ ಸಿಟ್ಟು ಬಂತು. "ಭಾವನೆಗೆ ನೋವಾದದ್ದು ಸುಳ್ಳಾ?" ಸುಳ್ಳಲ್ಲ. ನನಗೂ ನೋವಾಗಿತ್ತು. ಆದರೆ ಆ ವಾಕ್ಯದಿಂದ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ಪಕ್ಕದ ಕಡಬದಲ್ಲೇ ಇತ್ತು.

2023ರ ಸೆಪ್ಟೆಂಬರ್ 24ರ ರಾತ್ರಿ, ಕಡಬ ತಾಲೂಕಿನ ಐತ್ತೂರಿನ ಮಸೀದಿಯೊಳಗೆ ಇಬ್ಬರು ನುಗ್ಗಿ 'ಜೈ ಶ್ರೀರಾಮ್' ಎಂದು ಕೂಗಿದರು, ಬ್ಯಾರಿಗಳನ್ನು ನೆಮ್ಮದಿಯಿಂದ ಬದುಕಲು ಬಿಡುವುದಿಲ್ಲವೆಂದು ಬೆದರಿಸಿದರು ಎಂದು ದೂರು ದಾಖಲಾಗಿತ್ತು. 295ಎ, ಅತಿಕ್ರಮ ಪ್ರವೇಶ, ಬೆದರಿಕೆ ಹೀಗೆ ಹಲವು ಕಲಮುಗಳು. 2024ರ ಸೆಪ್ಟೆಂಬರ್ 13ರಂದು ಹೈಕೋರ್ಟ್ ಇಡೀ ಪ್ರಕರಣವನ್ನು ರದ್ದುಮಾಡಿತು. ಒಬ್ಬರು 'ಜೈ ಶ್ರೀರಾಮ್' ಎಂದು ಕೂಗಿದರೆ ಇನ್ನೊಂದು ವರ್ಗದ ಧಾರ್ಮಿಕ ಭಾವನೆಗೆ ಹೇಗೆ ಧಕ್ಕೆಯಾಗುತ್ತದೆಂದು ತಿಳಿಯದು ಎಂದಿತು. ಆ ಭಾಗದಲ್ಲಿ ಹಿಂದೂ ಮುಸ್ಲಿಮರು ಸೌಹಾರ್ದದಿಂದಿದ್ದಾರೆಂದು ದೂರುದಾರರೇ ಹೇಳಿದ್ದಾರಲ್ಲ, ಹಾಗಿರುವಾಗ ಈ ಘಟನೆಯಿಂದ ವೈರ ಹೇಗೆ ಹುಟ್ಟೀತು ಎಂದೂ ಕೇಳಿತು. ದೂರುದಾರರು ಮೇಲ್ಮನವಿಯೊಂದಿಗೆ ಸುಪ್ರೀಂ ಕೋರ್ಟಿಗೆ ಹೋದಾಗ, 2024ರ ಡಿಸೆಂಬರ್‌ನ ವಿಚಾರಣೆಯಲ್ಲಿ ನ್ಯಾಯಪೀಠವೂ ಘೋಷಣೆ ಕೂಗಿದ್ದು ಅಪರಾಧ ಹೇಗಾಗುತ್ತದೆ ಎಂದೇ ಮೊದಲು ಕೇಳಿತು.

ಹೈಕೋರ್ಟಿನ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಆದರೆ ಆ ಮೊದಲ ಪ್ರಶ್ನೆ ನ್ಯಾಯವಾದದ್ದೇ. ರಾಮನ ಹೆಸರು ಕೇಳಿದರೆ ನನಗೆ ನೋವಾಗುವುದಿಲ್ಲ. ನೆರೆಮನೆಯ ಅಜ್ಜಿ ಸಂಜೆ ದೀಪ ಹಚ್ಚುವಾಗ ಅದೇ ಹೆಸರನ್ನು ಹೇಳುತ್ತಾರೆ. ತೊಂದರೆ ಇರುವುದು ರಾತ್ರಿ ಹನ್ನೊಂದರ ಸುಮಾರಿಗೆ ಇನ್ನೊಬ್ಬರ ಆರಾಧನಾಲಯದೊಳಗೆ ನುಗ್ಗಿ ಕೂಗುವುದರಲ್ಲಿ, ಅದರ ಜತೆಗೆ ಬಂತೆನ್ನಲಾದ ಬೆದರಿಕೆಯಲ್ಲಿ. ಆದರೆ ಚರ್ಚೆಯೆಲ್ಲ ಘೋಷಣೆಯ ಸುತ್ತ, ಭಾವನೆಯ ಸುತ್ತ ತಿರುಗಿತು. ಹೊತ್ತು, ಜಾಗ, ಬೆದರಿಕೆ ಮೂರೂ ಹಿಂದಕ್ಕೆ ಸರಿದವು. ಇನ್ನೂ ಒಂದು ಮಾತು ನನ್ನನ್ನು ಕೊರೆಯುತ್ತದೆ. ನಾವು ಯಾವುದೇ ಅರ್ಜಿ ಬರೆದರೂ 'ಇಲ್ಲಿ ಎಲ್ಲರೂ ಅನ್ಯೋನ್ಯವಾಗಿದ್ದೇವೆ' ಎಂದು ಸೇರಿಸುತ್ತೇವೆ. ನಾವು ಜಗಳಗಂಟರಲ್ಲ ಎಂದು ಮೊದಲೇ ಸಾಬೀತು ಮಾಡಿಕೊಳ್ಳುವ ಅಭ್ಯಾಸ ಅದು. ಕಡಬದ ದೂರಿನಲ್ಲಿ ಆ ಒಳ್ಳೆಯ ಮಾತೇ ದೂರುದಾರರಿಗೆ ತಿರುಗಿ ಬಂತು.

ಸರ್ಕಾರವು ಮಾತನ್ನು ಶಿಕ್ಷಿಸಲು ಹೊರಟಾಗ ಯಾರಿಗೆ ಎಷ್ಟು ನೋವಾಯಿತೆಂದು ಅಳೆಯುತ್ತಾ ಕೂರಬಾರದು. ಮಾತಿನಿಂದ ಯಾರಿಗೆ ಏನು ಅಪಾಯ ಬಂದಿದೆ ಎಂದು ನೋಡಬೇಕು. 2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 66ಎ ಕಲಮನ್ನು ತೆಗೆದುಹಾಕುವಾಗ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತ್ತು: ಚರ್ಚೆ ಬೇರೆ, ಪ್ರತಿಪಾದನೆ ಬೇರೆ, ಪ್ರಚೋದನೆ ಬೇರೆ. ಮೂರನೆಯದಕ್ಕೆ ಬಂದಾಗ ಮಾತ್ರ ಕಾನೂನಿನ ಕೈ. ಸುಲ್ತಾನರ ಬಗ್ಗೆ ಹದಿನೈದು ನಿಮಿಷ ಸುಳ್ಳು ಹೇಳಿದವರಿಗೆ ಉತ್ತರ ಕೊಡಬೇಕಾದವರು ಇತಿಹಾಸ ಓದಿದವರು, ನನ್ನಂಥ ಬರೆಯುವವರು. ಕೊನೆಯ ಮೂರು ನಿಮಿಷಗಳು ಪೊಲೀಸರ ಪಾಲಿನವು. 1994ರಲ್ಲಿ ರುವಾಂಡಾದ ಆರ್‌ಟಿಎಲ್‌ಎಂ ರೇಡಿಯೊ ಕೊಲ್ಲಬೇಕಾದವರ ಹೆಸರುಗಳನ್ನೇ ಓದಿ ಹೇಳುತ್ತಿತ್ತು. ಅದನ್ನು ನಡೆಸಿದವರಿಗೆ 2003ರಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಶಿಕ್ಷೆ ವಿಧಿಸಿತು. ಅಷ್ಟು ದೊಡ್ಡ ಘೋರಕ್ಕೆ ನಮ್ಮ ಸಂತೆಯನ್ನು ಹೋಲಿಸುತ್ತಿಲ್ಲ. ಗುರುತು ಹಿಡಿಯುವ ಕ್ರಮ ಮಾತ್ರ ಒಂದೇ. ಮೈಕಿನಲ್ಲಿ ಮನುಷ್ಯನ ಹೆಸರು ಬಂದಾಗ, ಅಂಗಡಿಯ ಗುರುತು ಬಂದಾಗ, 'ಮುಂದಿನ ವಾರ' ಎಂಬ ಗಡುವು ಬಂದಾಗ ಅದನ್ನು ಬರೀ ಅಭಿಪ್ರಾಯ ಎನ್ನಲಾಗದು.

ಆಗ ಪೊಲೀಸರು ದೂರಿಗಾಗಿ ಕಾಯಬೇಕಾಗಿಯೂ ಇಲ್ಲ. ದ್ವೇಷಭಾಷಣದ ಬಗ್ಗೆ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಮೂರು ರಾಜ್ಯಗಳಿಗೂ 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತ್ತು. ಸಭೆಯಲ್ಲಿ ಪೊಲೀಸರಿರುತ್ತಾರೆ, ಅವರದೇ ಕ್ಯಾಮರಾ ಇರುತ್ತದೆ. ಆದರೂ ಮಾರನೆಯ ದಿನ ಠಾಣೆಯ ಬೆಂಚಿನಲ್ಲಿ ಕೂರಬೇಕಾದವರು ಬಳೆ ಮಾರುವ ಮುದುಕ. ಪುತ್ತೂರಿನ ಉಪ್ಪಳಿಗೆಯಲ್ಲಿ 2025ರ ಅಕ್ಟೋಬರ್ 20ರಂದು ದೀಪೋತ್ಸವದ ವೇದಿಕೆಯಲ್ಲಿ ಕಲ್ಲಡ್ಕ ಪ್ರಭಾಕರ ಭಟ್ಟರು ಮಾಡಿದ ಭಾಷಣದ ಬಗ್ಗೆ ಪುತ್ತೂರು ಗ್ರಾಮಾಂತರ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ದೂರು ಕೊಟ್ಟವರು ಒಬ್ಬ ಹಿಂದೂ ಮಹಿಳೆ. ಅವರ ಧೈರ್ಯಕ್ಕೆ ಶರಣು. ಆದರೂ ಒಬ್ಬ ಹೆಂಗಸಿನ ಧೈರ್ಯದ ಮೇಲೆ ಸರ್ಕಾರದ ಕೆಲಸ ನಿಲ್ಲಬಾರದಲ್ಲ!

ಎಫ್‌ಐಆರ್ ಆದ ಮೇಲಿನದು ಇನ್ನೊಂದು ಕತೆ. 196, 299ರಂಥ ಕಲಮುಗಳಲ್ಲಿ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳಬೇಕಾದರೆ ಸರ್ಕಾರದ ಮಂಜೂರಾತಿ ಬೇಕು. ನಾಗರಿಕ ಸುರಕ್ಷಾ ಸಂಹಿತೆಯ 217ನೇ ಕಲಮು ಹಾಗೆ ಹೇಳುತ್ತದೆ. ಬರೆಯುವವರ ಮೇಲೆ ಸಿಕ್ಕಸಿಕ್ಕ ಕೇಸು ನಡೆಯದಂತೆ ಇಟ್ಟ ಬೇಲಿ ಅದು. ಒಳ್ಳೆಯ ಬೇಲಿಯೇ. ಆದರೆ ವಿಧಾನಸೌಧದಲ್ಲಿ ಕಡತ ಮಲಗಿದರೆ ಅದೇ ಬೇಲಿ ಭಾಷಣಕಾರರಿಗೆ ಕೋಟೆಯಾಗುತ್ತದೆ. ಇಂತಿಷ್ಟು ದಿನದೊಳಗೆ ಕೊಡುತ್ತೇವೆ ಅಥವಾ ಕೊಡುವುದಿಲ್ಲ ಎಂದು ಕಾರಣಸಹಿತ ಬರೆದು ಹೇಳುವ ಬಾಧ್ಯತೆ ಸರ್ಕಾರಕ್ಕಿರಬೇಕು. ಯಾವ ಪಕ್ಷದ ಸರ್ಕಾರವಾದರೂ ಸರಿ.

2025ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ದ್ವೇಷಭಾಷಣ ಮತ್ತು ದ್ವೇಷಾಪರಾಧ ತಡೆ ವಿಧೇಯಕವು ಎರಡೂ ಸದನಗಳಲ್ಲಿ ಗದ್ದಲದ ನಡುವೆ ಅಂಗೀಕಾರವಾದಾಗ ನಮ್ಮವರು ಬಹಳ ಮಂದಿ ಸಂತೋಷಪಟ್ಟರು. ನನಗೂ ಅರ್ಧ ಸಂತೋಷವಾಯಿತು. ಕನಿಷ್ಠ ಒಂದು ವರ್ಷ, ಗರಿಷ್ಠ ಏಳು ವರ್ಷ ಜೈಲು, ಜಾಮೀನುರಹಿತ ಅಪರಾಧ. ಜಾತಿ, ಲಿಂಗ, ಭಾಷೆ, ಅಂಗವೈಕಲ್ಯದ ಮೇಲಿನ ದ್ವೇಷವನ್ನೂ ಅದರಲ್ಲಿ ಸೇರಿಸಿದ್ದು ಒಳ್ಳೆಯದೇ. ಆದರೆ ವೈರ, ದ್ವೇಷಗಳ ಸಾಲಿನಲ್ಲೇ ಅಸಾಮರಸ್ಯ, ಕೆಟ್ಟ ಭಾವನೆ ಎಂಬುವನ್ನೂ ಇಟ್ಟಿದ್ದಾರೆ. ಅಸಾಮರಸ್ಯ ಉಂಟುಮಾಡದ ಕತೆಯನ್ನು ನಾನು ಬರೆಯಬೇಕೇ? ಸಾಹಿತ್ಯ, ಕಲೆ, ವಿಜ್ಞಾನಕ್ಕೆ ವಿನಾಯಿತಿ ಇದೆ ಎನ್ನುತ್ತಾರೆ. ಇದೆ. ಆದರೆ ಆ ವಿನಾಯಿತಿಯನ್ನು ವಕೀಲರು ವಾದಿಸುವುದು ನ್ಯಾಯಾಲಯದಲ್ಲಿ, ಬಂಧನ ಆಗುವುದು ಮನೆಯಲ್ಲಿ. 2008ರಲ್ಲಿ ಇಂಥದ್ದೊಂದು ಕಾನೂನು ಇದ್ದಿದ್ದರೆ ಆ ರೈಟರ್ ನನಗೆ ತಪ್ಪೊಪ್ಪಿಗೆಯ ದಾರಿ ತೋರಿಸುವ ಸ್ಥಿತಿಯಲ್ಲೂ ಇರುತ್ತಿರಲಿಲ್ಲವೇನೋ. ಶಿಕ್ಷೆಯ ವರ್ಷಗಳನ್ನು ಹೆಚ್ಚಿಸುವುದು ಸುಲಭ. ಇದ್ದ ಮೂರು ವರ್ಷದ ಕಾನೂನನ್ನು ಕೊನೆಯವರೆಗೆ ನಡೆಸದ ವ್ಯವಸ್ಥೆ ಏಳು ವರ್ಷದ್ದನ್ನು ನಡೆಸುತ್ತದೆ ಎಂದು ನಂಬಲು ಆಧಾರವೇನು?

ಸರ್ಕಾರ ಮಾತಾಡುವುದು ಕಾನೂನಿನಿಂದ ಮಾತ್ರವೂ ಅಲ್ಲ. 2022ರ ಜುಲೈಯಲ್ಲಿ ಸುಳ್ಯ ತಾಲೂಕಿನ ಬೆಳ್ಳಾರೆ ಪರಿಸರದಲ್ಲಿ ಮೊದಲು ಮಸೂದ್ ಎಂಬ ಹುಡುಗ ಹಲ್ಲೆಗೊಳಗಾಗಿ ಸತ್ತ. 26ರಂದು ಪ್ರವೀಣ್ ನೆಟ್ಟಾರು ಕೊಲೆಯಾದರು. 28ರಂದು ಸುರತ್ಕಲ್‌ನಲ್ಲಿ ಫಾಝಿಲ್. ಪ್ರವೀಣರನ್ನು ಕೊಂದ ಆರೋಪ ಹೊತ್ತವರು ನಮ್ಮ ಸಮುದಾಯದವರು. ಅದನ್ನು ಮೊದಲು ಹೇಳದೆ ಮುಂದಿನದನ್ನು ಹೇಳುವ ಹಕ್ಕು ನನಗಿಲ್ಲ. ಆಗಿನ ಮುಖ್ಯಮಂತ್ರಿಗಳು ನೆಟ್ಟಾರಿಗೆ ಹೋಗಿ ಆ ಮನೆಯವರಿಗೆ ಸಾಂತ್ವನ ಹೇಳಿ ಪರಿಹಾರ ಕೊಟ್ಟರು. ಹೋಗಬೇಕಾದದ್ದೇ. ಹತ್ತಿರದಲ್ಲೇ ಇದ್ದ ಮಸೂದನ ಮನೆಗೆ ಹೋಗಲಿಲ್ಲ. ಮಸೂದ್, ಫಾಝಿಲರ ಮನೆಗಳಿಗೆ ಸರ್ಕಾರದ ಪರಿಹಾರ ಸಿಕ್ಕಿದ್ದು 2023ರ ಜೂನ್‌ನಲ್ಲಿ, ಸರ್ಕಾರ ಬದಲಾದ ಮೇಲೆ. ಆ ಒಂದು ಭೇಟಿ, ಆ ಒಂದು ಭೇಟಿಯಿಲ್ಲದಿರುವಿಕೆ ನಮ್ಮ ಕಡೆಯ ಹುಡುಗರಿಗೆ ಹೇಳಿದ್ದನ್ನು ಯಾವ ಭಾಷಣಕಾರನೂ ಅಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಅದೇ ವರ್ಷದ ವಸಂತದಲ್ಲಿ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಯ ಅಂಗಡಿಗಳ ಏಲಂ ಹಿಂದೂಗಳಿಗೆ ಮಾತ್ರ ಎಂದು ಪ್ರಕಟಣೆ ಬಂದಾಗ, ಕರಾವಳಿಯ ಉಳಿದ ಜಾತ್ರೆಗಳಲ್ಲೂ ಅದೇ ಬ್ಯಾನರುಗಳು ಎದ್ದಾಗ, ಸರ್ಕಾರ ವಿಧಾನಸಭೆಯಲ್ಲಿ 2002ರ ನಿಯಮವೊಂದನ್ನು ತೋರಿಸಿ ಕುಳಿತಿತು. ನಿಯಮ ಏನೇ ಇರಲಿ, 'ಇದು ಸರಿಯಲ್ಲ' ಎಂಬ ಎರಡು ಶಬ್ದಗಳನ್ನು ಹೇಳಲು ಯಾವ ಕಾನೂನಿನ ತಿದ್ದುಪಡಿಯೂ ಬೇಕಿರಲಿಲ್ಲ. ನಮ್ಮ ಬಳೆ ಕಾಕ ಆ ವರ್ಷ ಪುತ್ತೂರಿಗೆ ಹೋಗಲಿಲ್ಲ. ನಲವತ್ತು ವರ್ಷಗಳಲ್ಲಿ ಮೊದಲ ಸಲ.

ಅಂತೂ ಆ ಸಂಜೆ ಹೊಸ ಹಾಳೆ ತೆಗೆದೆ. ಸಭೆ ನಡೆದ ದಿನ, ಹೊತ್ತು, ಜಾಗ. ವೀಡಿಯೊದ ಹದಿನೈದನೆಯ ನಿಮಿಷದಿಂದ ಕೊನೆಯವರೆಗಿನ ಮಾತುಗಳನ್ನು ಒಂದಕ್ಷರ ಬಿಡದೆ ಇಳಿಸಿದೆ. ಹೆಸರಿಸಿದ ಅಂಗಡಿಗಳು, ಅವುಗಳ ಮಾಲೀಕರು. ಬೆಳಿಗ್ಗೆ ಒಂದು ಅಂಗಡಿಯ ಬಾಗಿಲಿಗೆ ಯಾರೋ ಚೀಟಿ ಅಂಟಿಸಿದ್ದರು, ಅದರ ಫೋಟೊ. ಶನಿವಾರದ ಸಂತೆಗೆ ಇಬ್ಬರು ಪೇದೆಗಳು ಬೇಕೆಂಬ ಕೋರಿಕೆ. ಭಾವನೆ ಎಂಬ ಶಬ್ದ ಒಂದು ಕಡೆಯೂ ಇಲ್ಲ. ಅನ್ಯೋನ್ಯತೆಯ ವಾಕ್ಯವೂ ಇಲ್ಲ. ಹಿರಿಯರು ಓದಿ, "ಸ್ವಲ್ಪ ಸಪ್ಪೆ ಆಯ್ತು ಟೀಚರ್" ಎಂದರು. ನಾಲ್ಕನೆಯವರು ಸಹಿ ಮಾಡುವ ಮೊದಲು ಬಹಳ ಹೊತ್ತು ಹಾಳೆಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಮುಖ ನೋಡದೆ, "ಆ ಕತೆ ನಾನು ಓದಿರ್ಲಿಲ್ಲ ಟೀಚರ್. ಆಗ ಸಹಿ ಹಾಕು ಅಂದ್ರು, ಹಾಕಿದೆ" ಎಂದರು. ನಾನು ಚಹಾ ತರಲು ಒಳಗೆ ಹೋದೆ.

ಠಾಣೆಯಲ್ಲಿ ಎಫ್‌ಐಆರ್‌ಗೆ ಮೊದಲು ವಿಚಾರಣೆ ನಡೆಸುತ್ತೇವೆ ಎಂದು ಹಿಂಬರಹ ಕೊಟ್ಟರು. ಮೊದಲ ಶನಿವಾರ ಕಾಕ ಸಂತೆಗೆ ಹೋಗಲಿಲ್ಲ. ಪೇದೆಗಳು ಬಂದಿದ್ದರಂತೆ. ಎರಡನೆಯ ಶನಿವಾರ ಕಾಕ ಹೋದರು, ಮಧ್ಯಾಹ್ನದೊಳಗೆ ಗಂಟು ಕಟ್ಟಿ ಬಂದರು. ವ್ಯಾಪಾರ ಹೇಗಾಯಿತೆಂದು ಕೇಳಿದ್ದಕ್ಕೆ, "ಹೆಂಗಸರು ಬಂದ್ರು ಮಗಾ. ದೂರದಿಂದ ಹುಡುಗರು ಮೊಬೈಲಿನಲ್ಲಿ ಫೋಟೊ ತೆಗೀತಿದ್ರು, ನಾನೇ ಅವರನ್ನೆಲ್ಲ ಹೋಗಿ ಅಂದೆ" ಎಂದರು. ಸೋಮವಾರ ಹೇಳಿಕೆ ಕೊಡಲು ಬರಬೇಕೆಂದು ಠಾಣೆಯಿಂದ ಕರೆ ಬಂದಿದೆ. ಆಧಾರ್ ಕಾರ್ಡಿನ ಎರಡು ಪ್ರತಿ ತರಲು ಹೇಳಿದ್ದಾರೆ. ಕಾಕನಿ­ಗೆ ಓದಲು ಬಾರದ್ದರಿಂದ ಜತೆಗೆ ನಾನೂ ಹೋಗಬೇಕು.